ದಿನದ ಲೆಕ್ಕದಲ್ಲಿ ಬಾರದವರು

ಪೇಟೆಯ ಅಂಗಡಿಗಳು ಮುಚ್ಚುವ ಹೊತ್ತಿನಲ್ಲಿ ಒಮ್ಮೆ ಸುತ್ತಾಡಿ ನೋಡಿ. ಅರ್ಧ ಎಳೆದ ಶಟರಿನ ಒಳಗೆ, ಒಂದೇ ಒಂದು ದೀಪದ ಕೆಳಗೆ, ಮಾಲಕ ತಲೆ ಬಗ್ಗಿಸಿ ಕೂತಿರುತ್ತಾನೆ. ನೋಟು ಎಣಿಸುತ್ತಾನೆ, ಚಿಲ್ಲರೆ ಬೇರ್ಪಡಿಸುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಮತ್ತೆ ಮೊದಲಿನಿಂದ ಎಣಿಸುತ್ತಾನೆ. ಹಣದ ವಿಷಯದಲ್ಲಿ ಈ ಜಾಗ್ರತೆ ನಮಗೆಲ್ಲ ಸಹಜ. ಆದರೆ ಅದೇ ದಿನ ನಮ್ಮ ಬಾಯಿಂದ ಹೊರಟ ಮಾತುಗಳು, ತೀರಿಸದೆ ಉಳಿಸಿಕೊಂಡ ಋಣಗಳು, ಕಂಡೂ ಕಾಣದಂತೆ ದಾಟಿ ಬಂದ ಮುಖಗಳು- ಇವುಗಳ ಲೆಕ್ಕ ಯಾವ ಪುಸ್ತಕದಲ್ಲಿದೆ?

ಈ ಹೋಲಿಕೆ ನಮ್ಮ ಸ್ವಂತದ್ದೇನೂ ಅಲ್ಲ. ಒಂಬತ್ತು ಶತಮಾನಗಳ ಹಿಂದೆಯೇ ಇಮಾಮ್ ಗಝ್ಝಾಲಿ ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಬಳಸಿದ್ದಾರೆ. ಬುದ್ಧಿ ಒಬ್ಬ ವ್ಯಾಪಾರಿ, ಮನಸ್ಸು ಅವನ ಪಾಲುದಾರ, ಆಯುಸ್ಸು ಬಂಡವಾಳ. ಬೆಳಗ್ಗೆ ಬಂಡವಾಳವನ್ನು ಕೈಗೊಪ್ಪಿಸುವಾಗ ಪಾಲುದಾರನಿಗೆ ಷರತ್ತು ಹಾಕಬೇಕು. ಹಗಲಿಡೀ ಅವನ ಮೇಲೆ ಕಣ್ಣಿಡಬೇಕು. ಸಂಜೆ ಎದುರಿಗೆ ಕೂರಿಸಿ ಲೆಕ್ಕ ಕೇಳಬೇಕು, ನಷ್ಟ ಮಾಡಿದ್ದರೆ ದಂಡ ವಿಧಿಸಬೇಕು. ಲೆಕ್ಕ ಕೇಳುವ ಈ ಕೆಲಸಕ್ಕೆ ಅರಬಿಯಲ್ಲಿ ‘ಮುಹಾಸಬ’ ಎನ್ನುತ್ತಾರೆ. ಗಝ್ಝಾಲಿಗಿಂತ ಎರಡು ಶತಮಾನ ಮೊದಲು ಬಗ್ದಾದಿನಲ್ಲಿ ಬದುಕಿ ಕ್ರಿ.ಶ. 857ರಲ್ಲಿ ತೀರಿಕೊಂಡ ಚಿಂತಕರೊಬ್ಬರನ್ನು ಜನರು ಅಲ್ ಮುಹಾಸಿಬಿ ಎಂದೇ ಕರೆದರು. ತನ್ನ ಲೆಕ್ಕವನ್ನು ತಾನೇ ಕೇಳಿಕೊಳ್ಳುವವ ಎಂದರ್ಥ.

ರೋಮಿನ ಸೆನೆಕಾ ಕೂಡ ಇದೇ ಅಭ್ಯಾಸದವನು. ಕೋಪದ ಕುರಿತ ತನ್ನ ಕೃತಿಯಲ್ಲಿ ಅವನು ಹೇಳಿಕೊಳ್ಳುವಂತೆ, ರಾತ್ರಿ ದೀಪ ಆರಿಸಿದ ಮೇಲೆ, ಗಂಡನ ಅಭ್ಯಾಸ ಬಲ್ಲ ಹೆಂಡತಿ ಮೌನವಾದ ಮೇಲೆ, ಇಡೀ ದಿನವನ್ನು ಕಣ್ಣೆದುರು ತಂದುಕೊಂಡು ತನ್ನನ್ನು ತಾನೇ ವಿಚಾರಣೆಗೆ ಒಡ್ಡುತ್ತಿದ್ದ. ನಮ್ಮ ನೆರೆಹೊರೆಯ ಜೈನರ ಪ್ರತಿಕ್ರಮಣವೂ ಇದೇ ದಾರಿಯ ಸಾಧನೆ. ರಾತ್ರಿಯ ಲೆಕ್ಕ ಯಾವ ಒಂದು ದೇಶದ, ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಇಂದಂತೂ ಅದು ಮೊಬೈಲಿನ ಆ್ಯಪ್ ಆಗಿಯೂ ಸಿಗುತ್ತದೆ. ಮಲಗುವ ಮುಂಚೆ ಗಂಟೆ ಬಾರಿಸಿ, ಇಂದು ನೀವು ಎಷ್ಟು ಶಾಂತರಾಗಿದ್ದಿರಿ ಎಂದು ಕೇಳುತ್ತದೆ. ಬೆರಳೊತ್ತಿದರೆ ನಗುವ ಮುಖವೊಂದು ಮೂಡುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಅಂಗಡಿಯಲ್ಲಿ ಲೆಕ್ಕ ಕೊಡುವವನು ಬೇರೆ, ಕೇಳುವವನು ಬೇರೆ. ಮನಸ್ಸಿನ ಅಂಗಡಿಯಲ್ಲಿ ಹಾಗಲ್ಲ. ಕದ್ದವನೂ ಅವನೇ, ಲೆಕ್ಕ ಬರೆಯುವವನೂ ಅವನೇ, ತೀರ್ಪು ಕೊಡುವವನೂ ಅವನೇ. ಸೆನೆಕಾನ ಉದಾಹರಣೆಯನ್ನೇ ನೋಡಿ. ಅವನು ನೀರೋ ಚಕ್ರವರ್ತಿಯ ಗುರುವಾಗಿದ್ದ. ನೀರೋ ತನ್ನ ಹೆತ್ತ ತಾಯಿಯನ್ನು ಕೊಲ್ಲಿಸಿದ್ದು ಕ್ರಿ.ಶ. 59ರಲ್ಲಿ. ಆ ಕೊಲೆಯನ್ನು ಸಮರ್ಥಿಸಿ ಸೆನೆಟ್ಟಿಗೆ ಹೋದ ಪತ್ರದ ಹಿಂದೆ ಸೆನೆಕಾನ ಕೈಯಿತ್ತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಆ ರಾತ್ರಿ ದೀಪ ಆರಿದ ಮೇಲೆ ಸೆನೆಕಾ ತನ್ನನ್ನು ಏನೆಂದು ಕೇಳಿಕೊಂಡನೋ, ಏನೆಂದು ಉತ್ತರ ಕೊಟ್ಟುಕೊಂಡನೋ! ಅವನು ಬರೆದದ್ದೆಲ್ಲ ಬೂಟಾಟಿಕೆ ಎಂದು ನಾವು ಹೇಳುವುದಿಲ್ಲ. ಅಷ್ಟು ಸೂಕ್ಷ್ಮ ಮನಸ್ಸಿನವನೂ ತನ್ನ ಮುಂದೆ ತಾನು ವಕೀಲನಾಗಿ ನಿಲ್ಲಬಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇವೆ.

ಹಾಗಾದರೆ ಬದುಕುವ ಬಗೆಯನ್ನು ತನ್ನೊಳಗೆ ನೋಡಿಕೊಂಡೇ ಕಲಿಯಬೇಕಾದವನಿಗೆ ಹೊರಗಿನ ಒಂದು ಕಣ್ಣು ಬೇಡವೇ? ಬೇಕೆಂದಾದರೆ ಆ ಕಣ್ಣು ಏನು ಮಾಡಬೇಕು? ಇದನ್ನು ಪುಸ್ತಕದಿಂದಲ್ಲ, ಒಂದು ಪುಟ್ಟ ಕೋಣೆಯಲ್ಲಿ, ಸಾಕಷ್ಟು ಮುಜುಗರಪಟ್ಟು ನಾವು ತಿಳಿದುಕೊಂಡೆವು.

ಕೆಲವು ವರ್ಷಗಳ ಹಿಂದೆ ಆರು ಮಂದಿ ಗೆಳೆಯರು ಶನಿವಾರ ಸಂಜೆ ಕೂಡಿ ಕೂರುವ ಪರಿಪಾಠ ಹಾಕಿಕೊಂಡೆವು. ಒಬ್ಬರು ಬಟ್ಟೆ ಅಂಗಡಿಯವರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ಅಧ್ಯಾಪಕರು, ಒಬ್ಬರು ಗಲ್ಫಿನಿಂದ ಮರಳಿ ಬಂದವರು, ಆರನೆಯವರು ಬರೆಯುವ ಚಟದ ನಾವು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ನಮ್ಮನ್ನು ನಡೆಸಲು ಒಪ್ಪಿಕೊಂಡರು. ಅವರ ಷರತ್ತು ಒಂದೇ. ಪ್ರತಿಯೊಬ್ಬರೂ ವಾರದಲ್ಲಿ ಒಂದು ಪುಟ ಬರೆದು ತರಬೇಕು: ಈ ವಾರ ನಾನು ಬದುಕಿದ ಬಗೆ ಹೇಗಿತ್ತು?

ಮೊದಲ ತಿಂಗಳು ನಾವು ಬರೆದುದನ್ನು ಈಗ ಓದಿದರೆ ನಗು ಬರುತ್ತದೆ. ಮನುಷ್ಯ ಅಹಂಕಾರವನ್ನು ತೊರೆಯಬೇಕು, ನಾವು ಕೋಪಕ್ಕೆ ದಾಸರಾಗುತ್ತಿದ್ದೇವೆ, ಸಮಾಜದಲ್ಲಿ ತಾಳ್ಮೆ ಕಡಿಮೆಯಾಗುತ್ತಿದೆ- ಇಂತಹ ವಾಕ್ಯಗಳೇ ತುಂಬಿದ್ದವು. ಮೇಷ್ಟ್ರು ಕೆಂಪು ಪೆನ್ನಿನಿಂದ ‘ಮನುಷ್ಯ’, ‘ನಾವು’, ‘ಸಮಾಜ’ ಎಂಬ ಮೂರು ಪದಗಳಿಗೆ ಗೆರೆ ಎಳೆಯುತ್ತಿದ್ದರು. “ಕೋಪ ಬಂತು ಅಂದಿರಲ್ಲ, ಯಾವ ದಿನ? ಎಲ್ಲಿ? ಎದುರಿಗೆ ಯಾರು ನಿಂತಿದ್ದರು?” ಎಂದು ಕೇಳುತ್ತಿದ್ದರು. (ಈ ಲೇಖನವನ್ನೂ ನಾವು ‘ನಾವು’ ಎಂದೇ ಬರೆಯುತ್ತಿದ್ದೇವೆ. ಅವರ ಕೈಗೆ ಸಿಕ್ಕಿದರೆ ಪುಟವಿಡೀ ಕೆಂಪಾದೀತು.) ಉತ್ತರ ಹೇಳಿ ಎಂದು ನಾವು ಎಷ್ಟು ಗೋಗರೆದರೂ ಅವರು ತಮ್ಮ ಅಭಿಪ್ರಾಯ ಹೇಳುತ್ತಿರಲಿಲ್ಲ.

ಈ ಕ್ರಮಕ್ಕೆ ದೊಡ್ಡ ಹಿನ್ನೆಲೆಯಿದೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ. ಜರ್ಮನಿಯ ಗಾಟಿಂಗೆನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಲಿಯೊನಾರ್ಡ್ ನೆಲ್ಸನ್ 1922ರಲ್ಲಿ ಸಾಕ್ರೆಟಿಸನ ವಿಧಾನದ ಕುರಿತು ಒಂದು ಉಪನ್ಯಾಸ ಕೊಟ್ಟ. ತತ್ವಶಾಸ್ತ್ರವನ್ನು ಕಲಿಸುವುದೆಂದರೆ ತತ್ವಜ್ಞಾನಿಗಳ ಮಾತನ್ನು ಬಾಯಿಪಾಠ ಮಾಡಿಸುವುದಲ್ಲ, ವಿದ್ಯಾರ್ಥಿಯನ್ನೇ ತತ್ವಜ್ಞಾನಿಯಾಗಿಸುವುದು ಎಂಬುದು ಅವನ ವಾದ. ಅವನೂ ಅವನ ಬಳಿಕ ಗುಸ್ಟಾವ್ ಹೆಕ್‌ಮನ್ ಮುಂತಾದವರೂ ಬೆಳೆಸಿದ ಗುಂಪು ಸಂವಾದದಲ್ಲಿ ಮಾತು ಹೊರಡುವುದು ಯಾರಾದರೊಬ್ಬರ ನಿಜವಾದ ಅನುಭವದಿಂದ. ನಡೆಸುವವನು ತನ್ನ ಅಭಿಪ್ರಾಯವನ್ನು ನಾಲಗೆಯಲ್ಲೇ ತಡೆದಿಟ್ಟುಕೊಳ್ಳಬೇಕು. ನೆಲ್ಸನ್ 1927ರಲ್ಲಿ, ಇನ್ನೂ ನಲ್ವತ್ತೈದರ ಪ್ರಾಯದಲ್ಲೇ ತೀರಿಕೊಂಡ. ಅವನ ಬಳಗದವರು ನಡೆಸುತ್ತಿದ್ದ ಶಾಲೆಯನ್ನು 1933ರಲ್ಲಿ ನಾಝಿಗಳು ಮುಚ್ಚಿಸಿದರು. ಸ್ವತಃ ಯೋಚಿಸುವ ಮಕ್ಕಳ ಬಗ್ಗೆ ಅಂತಹ ಸರಕಾರಗಳಿಗೆ ಇರುವ ಭಯ ಸಹಜವಾದದ್ದೇ.

ಕೆಣಕಿ ಕಲಿಸುವ ಗುರು ಕನ್ನಡಿಗರಿಗೂ ಹೊಸಬನಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ಕೆಣಕುವ ಪ್ರಸಂಗ ಯಾರಿಗೆ ಗೊತ್ತಿಲ್ಲ? ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದ, ಜನೋಪಕಾರದಲ್ಲಿ ಮುಳುಗಿದ್ದ. ಆ ಒಳ್ಳೆಯ ಕೆಲಸದೊಳಗೆ ‘ನಾನು’ ಎಷ್ಟು ಅಡಗಿದ್ದೇನೆ ಎಂದು ಅವನಿಗೆ ಅವನೇ ಕೇಳಿಕೊಳ್ಳಲಾಗದ ಪ್ರಶ್ನೆಯನ್ನು ಹೊರಗಿನಿಂದ ಬಂದವನು ಕೇಳಬೇಕಾಯಿತು.

ಒಂದು ಶನಿವಾರ ಮೇಷ್ಟ್ರು ನಮ್ಮ ಪುಟಗಳನ್ನು ಬದಿಗಿಟ್ಟು ಒಂದು ಕಥೆ ಹೇಳಿದರು. ಅದು ಗ್ಯಾಲೆನ್ ಬರೆದಿಟ್ಟದ್ದು. ಕ್ರಿ.ಶ. 129ರಲ್ಲಿ, ಇಂದಿನ ತುರ್ಕಿಯಲ್ಲಿರುವ ಪೆರ್ಗಮಮ್ ನಗರದಲ್ಲಿ ಹುಟ್ಟಿದ ಈ ಮಹಾವೈದ್ಯನನ್ನು ಅರಬರು ಜಾಲಿನೂಸ್ ಎಂದು ಕರೆದರು. ದೇಹದ ರೋಗಗಳ ಜತೆ ಮನಸ್ಸಿನ ರೋಗಗಳ ಬಗ್ಗೆಯೂ ಅವನು ಬರೆದಿದ್ದಾನೆ. ಮನುಷ್ಯನಿಗೆ ತನ್ನ ಮೇಲೆ ಎಲ್ಲಿಲ್ಲದ ಪ್ರೀತಿ, ಆದ್ದರಿಂದ ತನ್ನ ದೋಷ ಅವನಿಗೆ ಕಾಣದು. ಸಿರಿವಂತರ ಬಾಗಿಲು ಕಾಯದ, ಮುಖಸ್ತುತಿ ಮಾಡದ ಹಿರಿಯನೊಬ್ಬನನ್ನು ಹುಡುಕಿ, ನನ್ನ ತಪ್ಪು ಕಂಡಾಗ ಹೇಳು ಎಂದು ಕೇಳಿಕೊಳ್ಳಬೇಕು ಎನ್ನುತ್ತಾನೆ. ಅವನು ಎಷ್ಟೋ ದಿನ ಏನೂ ಹೇಳದಿದ್ದರೆ, ನನ್ನಲ್ಲಿ ದೋಷವಿಲ್ಲ ಎಂದು ಹಿಗ್ಗಬಾರದು. ಅವನಿಗೆ ನಿನ್ನ ಮೇಲೆ ಗಮನವಿಲ್ಲದಿರಬಹುದು, ನಿನ್ನ ಸಿಟ್ಟಿನ ಭಯವೂ ಇರಬಹುದು!

ಇನ್ನು ಕಥೆ. ಕ್ರೀಟ್ ದ್ವೀಪದ ಗೆಳೆಯನೊಬ್ಬನ ಜತೆ ಗ್ಯಾಲೆನ್ ಅಥೆನ್ಸಿನ ಕಡೆಗೆ ಪ್ರಯಾಣ ಮಾಡುತ್ತಿದ್ದ. ಗೆಳೆಯ ಸರಳ, ಉದಾರಿ, ಆದರೆ ಮುಂಗೋಪಿ. ದಾರಿಯಲ್ಲಿ ಯಾವುದೋ ಸಾಮಾನಿನ ಬಗ್ಗೆ ತನ್ನ ಇಬ್ಬರು ಗುಲಾಮರನ್ನು ಕೇಳಿದ. ಅವರು ಉತ್ತರಿಸಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಒರೆಯಿಂದ ತೆಗೆಯದೆಯೇ ಅವರ ತಲೆಗೆ ಬೀಸಿದ. ಒರೆ ಒಡೆಯಿತು. ಇಬ್ಬರ ತಲೆಗೂ ಆಳವಾದ ಗಾಯವಾಯಿತು. ಸತ್ತೇ ಹೋದಾರೆಂದು ಹೆದರಿದ ಯಜಮಾನ ಅವರನ್ನು ಅಲ್ಲೇ ಬಿಟ್ಟು ಅಥೆನ್ಸಿಗೆ ಓಡಿದ. ಗ್ಯಾಲೆನ್ ಅವರಿಗೆ ಚಿಕಿತ್ಸೆ ಮಾಡಿ ಕರೆತಂದ. ಆಮೇಲೆ ಯಜಮಾನನಿಗೆ ಮಹಾ ಪಶ್ಚಾತ್ತಾಪ. ಗ್ಯಾಲೆನ್‌ನ ಕೈಗೆ ಚರ್ಮದ ಪಟ್ಟಿ ಕೊಟ್ಟು, ಬಟ್ಟೆ ಕಳಚಿ, ನನಗೆ ಹೊಡೆ ಎಂದು ಕಾಲಿಗೆ ಬಿದ್ದ. ಗ್ಯಾಲೆನ್ ನಕ್ಕ. ಹೊಡೆಯುವ ಬದಲು ಕೂರಿಸಿ, ಕೋಪವನ್ನು ಪಳಗಿಸುವ ಬಗೆಯನ್ನು ವಿವರಿಸಿ ಹೇಳಿದ. ಗೆಳೆಯ ತನ್ನ ಮೇಲೆ ನಿಗಾ ಇಟ್ಟು, ಒಂದು ವರ್ಷದಲ್ಲಿ ಎಷ್ಟೋ ಸುಧಾರಿಸಿದ ಎಂದು ಗ್ಯಾಲೆನ್ ಸಂತೋಷದಿಂದ ಬರೆಯುತ್ತಾನೆ.

ಕಥೆ ಮುಗಿಯಿತೆಂದು ನಾವು ತಲೆದೂಗಿದೆವು. ಒಳ್ಳೆಯ ಗುರು, ಒಳ್ಳೆಯ ಶಿಷ್ಯ, ಒಳ್ಳೆಯ ಫಲ.

“ಆ ಇಬ್ಬರು?” ಎಂದು ಕೇಳಿದರು ಮೇಷ್ಟ್ರು.

ಯಾವ ಇಬ್ಬರು ಎಂದು ನಮಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ತಲೆ ಒಡೆಸಿಕೊಂಡವರ ಹೆಸರು ಕಥೆಯಲ್ಲಿಲ್ಲ. ಪೆಟ್ಟು ತಿನ್ನಲು ಸಿದ್ಧನಾದ ಯಜಮಾನ ಮೊಣಕಾಲೂರಿದ್ದು ಅವರ ಮುಂದಲ್ಲ, ತನ್ನ ಸರಿಸಮಾನನಾದ ಗೆಳೆಯನ ಮುಂದೆ. ಅವನ ಪಶ್ಚಾತ್ತಾಪ ಸುಳ್ಳಲ್ಲ, ಅವನ ಸುಧಾರಣೆಯೂ ಸುಳ್ಳಲ್ಲ. ಆದರೆ ಇಡೀ ಪಾಠದಲ್ಲಿ ಆ ಇಬ್ಬರು ಹಲಗೆಯ ಹಾಗೆ. ಅವರ ಮೇಲೆ ಬರೆದು, ಒರೆಸಿ, ಇನ್ನೊಬ್ಬ ಕಲಿತ.

ಅಂದು ನಮ್ಮ ಬಟ್ಟೆ ಅಂಗಡಿಯ ಗೆಳೆಯರು ಮಾತಾಡಲಿಲ್ಲ. ಚಹಾ ಕುಡಿಯದೆ ಎದ್ದು ಹೋದರು. ಮುಂದಿನ ವಾರ ಬಂದದ್ದು ಬರಿಗೈಯಲ್ಲಿ. ಬರೆಯಲಿಕ್ಕಾಗಲಿಲ್ಲ, ಬಾಯಲ್ಲೇ ಹೇಳುತ್ತೇನೆ ಎಂದರು.

ಹಿಂದಿನ ಹಬ್ಬದ ಸಮಯದಲ್ಲಿ ಅವರ ಗಲ್ಲಾಪೆಟ್ಟಿಗೆಯಲ್ಲಿ ಎಂಟು ಸಾವಿರ ರೂಪಾಯಿ ಕಡಿಮೆ ಬಂತು. ಸಹಾಯಕ್ಕಿದ್ದ ಹುಡುಗನ ಮೇಲೆ ಅನುಮಾನ. ಗಿರಾಕಿಗಳು ತುಂಬಿರುವಾಗಲೇ, ನಾಳೆಯಿಂದ ಬರಬೇಡ ಎಂದರು. ಯಾಕೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ತಿಂಗಳ ಸಂಬಳ ಕೊಡಲಿಲ್ಲ. ಎರಡು ತಿಂಗಳ ಬಳಿಕ ಹಳೆಯ ಬಿಲ್ಲುಗಳ ನಡುವೆ ಒಂದು ಚೀಟಿ ಸಿಕ್ಕಿತು. ಹಣವನ್ನು ಅವರೇ ತಮ್ಮ ಕೈಯಾರೆ ಸಗಟು ವ್ಯಾಪಾರಿಗೆ ಕೊಟ್ಟಿದ್ದರು. ಚೀಟಿಯನ್ನು ಮಡಚಿ ಪುಸ್ತಕದೊಳಗಿಟ್ಟರು. ಆಮೇಲಿನ ವಾರಗಳಲ್ಲಿ ನಮ್ಮ ಕೂಟಕ್ಕೆ ಅವರು ಬರೆದು ತಂದ ಪುಟಗಳೆಲ್ಲ ಇದರ ಕುರಿತೇ ಇದ್ದವು. ನನ್ನಲ್ಲಿ ಆತುರ ಹೆಚ್ಚು, ತಾಳ್ಮೆ ಬೆಳೆಸಿಕೊಳ್ಳಬೇಕು ಎಂದು ಚೆಂದದ ಅಕ್ಷರದಲ್ಲಿ ಬರೆದಿದ್ದರು. ನಾವು ಮೆಚ್ಚಿಯೂ ಇದ್ದೆವು.

“ಹುಡುಗ ಈಗ ಎಲ್ಲಿದ್ದಾನೆ?” ಎಂದರು ಮೇಷ್ಟ್ರು. ಗೆಳೆಯರಿಗೆ ಗೊತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಅಂಗಡಿಯಲ್ಲಿ ಅವನ ಕೈಯಿಂದ ಎಷ್ಟು ಸಲ ಚಹಾ ಕುಡಿದಿರಲಿಲ್ಲ ನಾವು! ಅವನು ಕಾಣದಾದಾಗ ಒಬ್ಬರೂ ವಿಚಾರಿಸಲಿಲ್ಲ. ಅವನ ಪೂರ್ತಿ ಹೆಸರೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲವೆಂಬುದು ಆಗಷ್ಟೇ ಅರಿವಿಗೆ ಬಂತು. ‘ನಾವು’ ಎಂಬ ಪದಕ್ಕೆ ಮೇಷ್ಟ್ರು ಗೆರೆ ಎಳೆಯದ ಒಂದೇ ದಿನವದು.

ಒಳಗನ್ನು ನೋಡಿಕೊಳ್ಳುವ ಕಲೆಯಲ್ಲಿ ಇಂತಹ ಒಂದು ಕುರುಡು ಇದ್ದೇ ಇರುತ್ತದೆಯೇನೋ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪುಟ್ಟ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಏಳು ಗೆರೆ ಎಳೆದು, ಸದ್ಗುಣಗಳ ಪಟ್ಟಿ ಮಾಡಿ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತಿದ್ದ ಸಂಗತಿ ಪ್ರಸಿದ್ಧ. ಮೊದಲು ಪಟ್ಟಿಯಲ್ಲಿದ್ದದ್ದು ಹನ್ನೆರಡೇ ಗುಣ. ಕ್ವೇಕರ್ ಪಂಥದ ಗೆಳೆಯನೊಬ್ಬ, ನೀನು ಅಹಂಕಾರಿ ಎಂದು ಜನ ಹೇಳುತ್ತಾರೆ ಎಂದ ಮೇಲೆ ವಿನಯವನ್ನು ಹದಿಮೂರನೆಯದಾಗಿ ಸೇರಿಸಿದ. ಒಬ್ಬ ಗೆಳೆಯ ಹೇಳುವ ತನಕ ಆ ಸಾಲೇ ಪುಸ್ತಕದಲ್ಲಿರಲಿಲ್ಲ! ಇದೇ ಫ್ರಾಂಕ್ಲಿನ್ ಮನೆಯಲ್ಲಿ ಗುಲಾಮರನ್ನಿಟ್ಟುಕೊಂಡಿದ್ದ, ಗುಲಾಮರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿದ್ದ. ಚುಕ್ಕೆಗಳ ಪುಸ್ತಕದಲ್ಲಿ ಅದಕ್ಕೊಂದು ಸಾಲಿರಲಿಲ್ಲ. ಮುಂದೆ ಮುಪ್ಪಿನಲ್ಲಿ ಅವನು ಬದಲಾದ. 1787ರಲ್ಲಿ ಗುಲಾಮಗಿರಿ ನಿರ್ಮೂಲನೆಗಾಗಿ ದುಡಿಯುತ್ತಿದ್ದ ಪೆನ್ಸಿಲ್ವೇನಿಯಾದ ಸಂಘದ ಅಧ್ಯಕ್ಷನಾದ. 1790ರಲ್ಲಿ, ಸಾಯುವ ಎರಡು ತಿಂಗಳ ಮೊದಲು, ಆ ಸಂಘದ ಮನವಿ ಅವನ ಸಹಿಯೊಂದಿಗೆ ಕಾಂಗ್ರೆಸ್ಸಿಗೆ ಹೋಯಿತು. ಪುಸ್ತಕದಲ್ಲಿಲ್ಲದ ಸಾಲು ಬದುಕಿನಲ್ಲಿ ಮೂಡಲು ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು.

ತನ್ನ ದೋಷಗಳನ್ನು ತಿಳಿಯಲು ಗಝ್ಝಾಲಿ ನಾಲ್ಕು ದಾರಿ ಹೇಳುತ್ತಾರೆ. ಒಳಗಣ್ಣಿರುವ ಗುರು, ಸುಳ್ಳಾಡದ ಗೆಳೆಯ, ಶತ್ರುವಿನ ನಾಲಗೆ, ಮತ್ತು ಜನರ ನಡುವಿನ ಬದುಕು. ಶತ್ರುವಿನಿಂದ ಕಲಿಯುವ ಮಾತನ್ನು ಅವರಿಗಿಂತ ಮೊದಲೇ ಹಕೀಮ್ ಅರ್ರಾಝಿ ಗ್ಯಾಲೆನ್‌ನ ಹೆಸರು ಹೇಳಿಯೇ ಬರೆದಿದ್ದರು. ಒಳ್ಳೆಯ ಮಾತು ಭಾಷೆ, ಧರ್ಮಗಳ ಗಡಿ ದಾಟುವುದೇ ಹೀಗೆ. ಪಟ್ಟಿಯನ್ನು ಗಮನಿಸಿ: ಏಕಾಂತ ಅದರಲ್ಲಿಲ್ಲ. ಏಕಾಂತದ ಬೆಲೆ ಬಲ್ಲವರೇ ಇದನ್ನು ಬರೆದದ್ದು. 1095ರಲ್ಲಿ ಬಗ್ದಾದಿನ ನಿಝಾಮಿಯ್ಯ ವಿದ್ಯಾಲಯದ ಅತಿ ದೊಡ್ಡ ಹುದ್ದೆಯಲ್ಲಿದ್ದಾಗ, ತಾನು ಪಾಠ ಹೇಳುವುದು ಕೀರ್ತಿಗಾಗಿ ಎಂಬ ಅರಿವು ಬಂದು, ತರಗತಿಯಲ್ಲಿ ನಾಲಗೆಯೇ ಹೊರಳದಂತಾಗಿ, ಎಲ್ಲವನ್ನೂ ಬಿಟ್ಟು ಹೊರಟವರು ಅವರು. ಅದೇ ಗಝ್ಝಾಲಿ ಪಶ್ಚಾತ್ತಾಪದ ಅಧ್ಯಾಯದಲ್ಲಿ ಜನರ ಹಕ್ಕಿನ ವಿಷಯಕ್ಕೆ ಬಂದಾಗ ಪಕ್ಕಾ ಲೆಕ್ಕಿಗರಾಗುತ್ತಾರೆ. ಕಣ್ಣೀರು ಸಾಲದು. ಹಣ ಹೋಗಿದ್ದರೆ ಹಣ ಮರಳಬೇಕು, ಮಾನಕ್ಕೆ ಕುಂದಾಗಿದ್ದರೆ ಅವನ ಬಳಿಗೇ ಹೋಗಬೇಕು.

ನಮ್ಮ ಕೂಟದಲ್ಲಿ ಚರ್ಚೆ ಬಿಸಿಯೇರಿದ್ದು ಇಲ್ಲಿಯೇ. ಸಂಬಳದ ಬಾಕಿಯನ್ನು ಯಾರ ಕೈಯಲ್ಲಾದರೂ ಕಳಿಸಿದರೆ ಸಾಲದೇ ಎಂದರು ಒಬ್ಬರು. ಕಳ್ಳ ಎಂದು ಕರೆದದ್ದು ಹತ್ತು ಜನರ ಮುಂದೆ, ಅಲ್ಲವೆಂದು ಹೇಳುವುದು ಗುಟ್ಟಿನಲ್ಲೇ ಎಂದರು ಇನ್ನೊಬ್ಬರು. ಅಂಗಡಿಯ ಹೆಸರು ಹಾಳಾಗುವುದಿಲ್ಲವೇ ಎಂಬುದು ಗೆಳೆಯರ ಅಳುಕು. ಅದು ಸಣ್ಣ ಅಳುಕಲ್ಲ, ಮನೆಯ ಐದು ಹೊಟ್ಟೆಗಳು ಆ ಹೆಸರಿನ ಮೇಲೆಯೇ ನಿಂತಿದ್ದವು. ನೀವಾದರೂ ತೀರ್ಮಾನ ಹೇಳಿ ಎಂದು ಎಲ್ಲರೂ ಮೇಷ್ಟ್ರ ಮೇಲೆ ಮುಗಿಬಿದ್ದೆವು. ಅವರು ಹೇಳಲಿಲ್ಲ. ಗಲ್ಫಿನಿಂದ ಮರಳಿದ ಗೆಳೆಯರಿಗೆ ಸಿಟ್ಟೇ ಬಂತು. ಇಂತಹ ಹೊತ್ತಿನಲ್ಲೂ ಬಾಯಿ ಬಿಡದ ಗುರು ಯಾಕೆ ಎಂದು ರೇಗಿದರು.

ಅವರ ಮೌನದ ಬಗ್ಗೆ ನಮಗೂ ಅಂದು ಅಸಮಾಧಾನವಿತ್ತು. ಇಂದು ಯೋಚಿಸುವಾಗ ಅನ್ನಿಸುವುದೇ ಬೇರೆ. ಮಾರ್ಗದರ್ಶಕನಾದವನಿಗೆ ಒಂದು ದೊಡ್ಡ ಆಮಿಷವಿದೆ: ಇನ್ನೊಬ್ಬನ ಮನಸ್ಸಿನ ಬೀಗದ ಕೈ ತನ್ನ ಸೊಂಟದಲ್ಲಿರಲಿ ಎಂಬ ಆಸೆ. ಗುಟ್ಟುಗಳನ್ನು ಹೇಳಿಸಿಕೊಂಡು, ಪ್ರಾಯಶ್ಚಿತ್ತವನ್ನು ತಾವೇ ನಿಗದಿ ಮಾಡಿ, ಕೊನೆಗೆ ಶಿಷ್ಯರ ಆಸ್ತಿ, ಮದುವೆ, ಮತಗಳನ್ನೂ ತೀರ್ಮಾನಿಸುವ ಗುರುಗಳು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಮೇಷ್ಟ್ರು ತೀರ್ಪು ಕೊಟ್ಟಿದ್ದರೆ ಗೆಳೆಯರು ಪಾಲಿಸುತ್ತಿದ್ದರು. ಆದರೆ ಆಗ ಅವರು ಹೋಗುವುದು ಮೇಷ್ಟ್ರಿಗಾಗಿ, ಹುಡುಗನಿಗಾಗಿ ಅಲ್ಲ. ಕ್ರೀಟಿನ ಯಜಮಾನನ ಹಾಗೆ ಇವರೂ ತಪ್ಪಾದ ಕಾಲಿಗೆ ಬೀಳುತ್ತಿದ್ದರು. ಅಲ್ಲಿಲ್ಲದವನಿಗೆ ಆ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಟ್ಟದ್ದಷ್ಟೇ ಮೇಷ್ಟ್ರು ಮಾಡಿದ ಕೆಲಸ.

ಎರಡು ವಾರ ಗೆಳೆಯರು ಕೂಟಕ್ಕೆ ಬರಲಿಲ್ಲ. ಬಿಟ್ಟರು ಎಂದೇ ನಾವು ತಿಳಿದೆವು. ಆಮೇಲೆ ಗೊತ್ತಾಯಿತು, ಅವರು ಹುಡುಗನ ಮನೆ ಹುಡುಕಿಕೊಂಡು ಹೋಗಿದ್ದರು. ಅವನಿರಲಿಲ್ಲ, ಬೇರೆ ಊರಿನ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದ. ತಾಯಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಇವರು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದರು. “ಇದನ್ನು ನನಗೆ ಹೇಳಿ ಏನು ಪ್ರಯೋಜನ? ಅಲ್ಲಿ ಹೇಳಿ” ಎಂದರು.

ಒಂದು ಸಂತೆಯ ದಿನ ಬೆಳಗ್ಗೆ ತಾಯಿ ಅಂಗಡಿಗೆ ಬಂದರು. ಅಕ್ಕಪಕ್ಕದ ಅಂಗಡಿಯವರನ್ನು ಗೆಳೆಯರೇ ಕರೆದಿದ್ದರು. ನಾವು ಐದು ಮಂದಿಯೂ ಹೋಗಿ ಮೂಲೆಯಲ್ಲಿ ನಿಂತೆವು. ಗೆಳೆಯರು ಚೀಟಿಯನ್ನು ತೋರಿಸಿ, ಹಣ ಕದ್ದದ್ದು ಹುಡುಗನಲ್ಲ, ತಪ್ಪು ತನ್ನದು ಎಂದರು. ಮಾತು ಎರಡು ನಿಮಿಷವೂ ಇರಲಿಲ್ಲ, ಧ್ವನಿ ನಡುಗುತ್ತಿತ್ತು. ಯಾರೋ ಒಬ್ಬರು ಆಯ್ತು ಬಿಡಿ, ದೊಡ್ಡ ಮನಸ್ಸು ಎಂದು ಗೆಳೆಯರನ್ನು ಹೊಗಳಲು ಹೊರಟರು. ತಾಯಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ಬಾಕಿ ಸಂಬಳವನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಅದರ ಪಕ್ಕದಲ್ಲಿ ಗೆಳೆಯರು ಬೇರೆಯಾಗಿ ಇಟ್ಟಿದ್ದ ನಾಲ್ಕು ಸಾವಿರವನ್ನು ಮುಟ್ಟಲಿಲ್ಲ. “ಅದು ಅವನಿಗೆ ಬೇಕಾದರೆ ಅವನೇ ಬಂದು ಕೇಳಲಿ” ಎಂದು ಮೆಟ್ಟಿಲಿಳಿದು ಹೋದರು.

ಹುಡುಗ ಬರಲಿಲ್ಲ. ಗೆಳೆಯರು ಪ್ರತಿವರ್ಷ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಮೊದಲ ಪುಟದಲ್ಲಿ ಅವನ ಪೂರ್ತಿ ಹೆಸರು ಬರೆದು, ಎದುರಿಗೆ ನಾಲ್ಕು ಸಾವಿರ ಬಾಕಿ ಎಂದು ಗುರುತು ಹಾಕುತ್ತಾರೆ.